ಕುಡಿ ದಾರಿ ಬದಲಿಸಿದಾಗ: ಹೆಡೆಯಾದ ಕಳ್ಳಿ, ಎಲೆಯಾದ ಎಳ್ಳಿನ ಹೂ, ಮೂರು ತಲೆಯ ಈಚಲು

ಪ್ರಶ್ನೆ: ನಾನು ಕುಷ್ಟಗಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ನಮ್ಮೂರ ಗುಡ್ಡದಂಚಿನ ಮುಳ್ಳುಗಳ್ಳಿಯ ಒಂದು ಕೊಂಬೆ ಹಾವಿನ ಹೆಡೆಯಂತೆ ಅಗಲವಾಗಿ ಬೆಳೆದಿದೆ. ಜನರು ಅದಕ್ಕೆ ಅರಿಶಿನ, ಕುಂಕುಮ ಹಚ್ಚಿ ದಿನವೂ ಬುಡಕ್ಕೆ ಕೊಡ ನೀರು ಹಾಕುತ್ತಿದ್ದಾರೆ. ಪರ ಊರಿನವರೊಬ್ಬರು ಅದನ್ನು ಕೊಳ್ಳಲೂ ಬಂದಿದ್ದರು. ಇದೇ ಹಂಗಾಮಿನಲ್ಲಿ ನಮ್ಮ ಮಸಾರಿ ಹೊಲದ ಎಳ್ಳಿನಲ್ಲಿ ಅಲ್ಲಲ್ಲಿ ಕೆಲವು ಗಿಡಗಳು ಹೂವಿನ ಬದಲು ಹಸಿರು ಎಲೆಗಳ ಗೊಂಚಲು ಬಿಟ್ಟಿವೆ. ಹಳ್ಳದ ದಂಡೆಯಲ್ಲಿ ಮೂರು ತಲೆಯ ಈಚಲ ಮರವೂ ಒಂದಿದೆ. ಕೆಲವರು ಇದೆಲ್ಲ ರಾಸಾಯನಿಕಗಳ ಫಲ ಎನ್ನುತ್ತಾರೆ. ಇನ್ನು ಕೆಲವರು ಹೊಸ ಜಾತಿಯ ಗಿಡಗಳು ಎನ್ನುತ್ತಾರೆ. ಮೂರಕ್ಕೂ ಕಾರಣ ಒಂದೇ ಇರಬಹುದೇ? ಈ ಕಳ್ಳಿಯನ್ನು ಶಾಲೆಯ ತೋಟದಲ್ಲಿ ಬೆಳೆಸಬಹುದೇ?

ಉತ್ತರ: ಮೂರಕ್ಕೂ ಕಾರಣ ಬೇರೆ ಬೇರೆ, ಮತ್ತು ಮೂರರಲ್ಲಿ ಯಾವುದೂ ಹೊಸ ಜಾತಿಯಲ್ಲ. ಆದರೆ ಈ ಮೂರೂ ಗಿಡಗಳಲ್ಲಿ ವ್ಯತ್ಯಾಸ ಉಂಟಾದ ಜಾಗ ಒಂದೇ: ಅದು ಕುಡಿ. ಆದುದರಿಂದ ವಿಚಿತ್ರ ರೂಪದ ಯಾವ ಗಿಡ ಕಂಡರೂ ‘ಇದರ ಕುಡಿಗೆ ಏನಾಯಿತು?’ ಎಂದು ಕೇಳಿಕೊಂಡು ಹುಡುಕಲು ತೊಡಗುವುದು ಒಳ್ಳೆಯದು. ಉತ್ತರ ಗೊತ್ತಾದರೆ ಆ ಗಿಡವನ್ನು ಹಾಗೆಯೇ ಬಿಡಬೇಕೋ ಕಿತ್ತು ಹಾಕಬೇಕೋ ಎಂಬುದೂ ಗೊತ್ತಾಗುತ್ತದೆ. ನಿಮ್ಮ ಕಳ್ಳಿಯನ್ನು ಬಿಡಬೇಕು, ಎಳ್ಳಿನ ಆ ಗಿಡಗಳನ್ನು ಇಂದೇ ಕೀಳಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎರಡನೆಯದಕ್ಕೆ ಕಾಲ ಮೀರುತ್ತದೆ.

ಪ್ರಾಣಿಯ ಅಂಗಾಂಗಗಳ ರಚನೆ ಬಹುಮಟ್ಟಿಗೆ ಭ್ರೂಣದಲ್ಲಿಯೇ ಮುಗಿದುಹೋಗುತ್ತದೆ; ಹುಟ್ಟಿದ ಮೇಲೆ ಕರುವಿಗೆ ಐದನೆಯ ಕಾಲು ಮೂಡುವುದಿಲ್ಲ. ಗಿಡ ಹಾಗಲ್ಲ. ಅದು ಬದುಕಿರುವವರೆಗೂ ಹೊಸ ಎಲೆ, ಹೊಸ ಕೊಂಬೆ, ಹೊಸ ಹೂವುಗಳನ್ನು ಕಟ್ಟುತ್ತಲೇ ಇರುತ್ತದೆ, ಮತ್ತು ಆ ಕೆಲಸವೆಲ್ಲ ಆರಂಭವಾಗುವುದು ಪ್ರತಿ ಕುಡಿಯ ತುತ್ತತುದಿಯಲ್ಲಿರುವ, ಒಂದು ಮಿಲಿಮೀಟರಿಗಿಂತಲೂ ಚಿಕ್ಕದಾದ ಗುಮ್ಮಟದಂತಹ ಜೀವಕೋಶಗಳ ಗುಂಪಿನಲ್ಲಿ. ಪಠ್ಯಪುಸ್ತಕದಲ್ಲಿ ನೀವು ಇದನ್ನು ವರ್ಧನ ಅಂಗಾಂಶ ಎಂದು ಕಲಿಸಿರುತ್ತೀರಿ. ಅದರ ನಡುವಿನ ಕೋಶಗಳು ವಿಭಜನೆಯಾಗುತ್ತಲೇ ಇರುತ್ತವೆ. ಅಂಚಿಗೆ ಸರಿದ ಕೋಶಗಳು ಎಲೆಯಾಗಿಯೋ ಮೊಗ್ಗಾಗಿಯೋ ಕಾಂಡವಾಗಿಯೋ ರೂಪ ತಾಳುತ್ತವೆ. ಈ ಗುಮ್ಮಟದ ಗಾತ್ರ, ಆಕಾರ ಅಥವಾ ಅದಕ್ಕೆ ತಲುಪುವ ಸೂಚನೆ ಸ್ವಲ್ಪ ಬದಲಾದರೂ ಅಲ್ಲಿಂದ ಮುಂದಿನ ಬೆಳವಣಿಗೆಯ ರೂಪವೆಲ್ಲ ಬದಲಾಗುತ್ತದೆ.

ಮಕ್ಕಳಿಗೆ ಇನ್ನೊಂದು ವ್ಯತ್ಯಾಸವನ್ನೂ ಹೇಳಿಕೊಡಬೇಕು. ನೋಡಲು ವಿಚಿತ್ರವಾಗಿದ್ದರೂ ತನ್ನ ಜಾತಿಗೆ ಸಹಜವಾದ ರೂಪವೇ ಬೇರೆ, ತನ್ನ ಜಾತಿಯ ರೂಪವನ್ನೇ ಬಿಟ್ಟ ಒಂಟಿ ಗಿಡವೇ ಬೇರೆ. ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಬಂಡೆಗುಡ್ಡಗಳಲ್ಲಿ ಮೊದಲ ಬಗೆಯವು ಬೇಕಾದಷ್ಟಿವೆ. ಮುಳ್ಳುಗಳ್ಳಿಯ ಎಲೆಗಳು ಸಣ್ಣದಾಗಿದ್ದು ಬೇಗನೆ ಉದುರಿಹೋಗುವುದರಿಂದ ಅದರ ಹಸಿರು ಕಾಂಡವೇ ಆಹಾರ ತಯಾರಿಸುತ್ತದೆ. ನೀರು ಉಳಿಸಲು ಅದು ತನ್ನ ಪತ್ರರಂಧ್ರಗಳನ್ನು ಮುಖ್ಯವಾಗಿ ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತದೆ. ಅಮೆರಿಕ ಖಂಡಗಳಿಂದ ಬಂದ ಪಾಪಾಸುಕಳ್ಳಿಯೂ ಇದೇ ಉಪಾಯ ಕಂಡುಕೊಂಡಿದೆ, ಆದರೆ ಎರಡೂ ಒಂದೇ ಕುಟುಂಬದವಲ್ಲ. ಮುಳ್ಳುಗಳ್ಳಿಯನ್ನು ಗೀರಿದರೆ ಬಿಳಿ ಹಾಲು ಬರುತ್ತದೆ, ಪಾಪಾಸುಕಳ್ಳಿಯಲ್ಲಿ ಬರುವುದಿಲ್ಲ. ಆನೆಗೊಂದಿ, ಹಂಪಿಯ ಕಡೆ ಬಂಡೆಯ ಸೀಳುಗಳಲ್ಲಿಯೂ ಹಳೆಯ ಗೋಡೆಗಳ ಸಂದಿಗಳಲ್ಲಿಯೂ ಬೆಳೆಯುವ ಮಯೂರಶಿಖೆ ಎಂಬ ಪುಟ್ಟ ಜರೀಗಿಡ ಬೇಸಿಗೆಯಲ್ಲಿ ಸುರುಟಿಕೊಂಡು ಸತ್ತಂತೆ ಕಂಡರೂ ಮಳೆ ಬಿದ್ದೊಡನೆ ಮತ್ತೆ ಹಸಿರಾಗುತ್ತದೆ. ಇವೆಲ್ಲ ಆಯಾ ಜಾತಿಯ ಸಹಜ ಗುಣಗಳು. ಪರೀಕ್ಷೆ ಸುಲಭ: ಸುತ್ತಲಿರುವ ಅದೇ ಜಾತಿಯ ಗಿಡಗಳನ್ನು ನೋಡಬೇಕು. ಎಲ್ಲವೂ ಹಾಗೆಯೇ ಇದ್ದರೆ ಅದು ಜಾತಿಯ ರೂಪ. ಒಂದೇ ಗಿಡ ಅಥವಾ ಒಂದೇ ಕೊಂಬೆ ಬೇರೆಯಾಗಿದ್ದರೆ ಅದರ ಕುಡಿಗೆ ಏನೋ ಆಗಿದೆ.

ಈಗ ನಿಮ್ಮ ಕಳ್ಳಿಗೆ ಬರೋಣ. ಅದರ ಸಾಮಾನ್ಯ ಕೊಂಬೆಯನ್ನು ಮೊದಲು ಗಮನಿಸಿ. ಅದಕ್ಕೆ ಮೂರು, ಕೆಲವೊಮ್ಮೆ ನಾಲ್ಕೈದು ಏಣುಗಳಿರುತ್ತವೆ, ಏಣಿನ ಉದ್ದಕ್ಕೂ ಸ್ವಲ್ಪ ಸ್ವಲ್ಪ ಅಂತರದಲ್ಲಿ ಜೋಡಿ ಮುಳ್ಳುಗಳು, ಎಲ್ಲಕ್ಕೂ ಮೇಲೆ ಒಂದೇ ಬಿಂದುವಿನಂತಹ ತುದಿ. ಹೆಡೆಯಾದ ಭಾಗದಲ್ಲಿ ಆ ಬಿಂದುವೇ ಇರುವುದಿಲ್ಲ. ಅದು ಅಡ್ಡಕ್ಕೆ ಎಳೆದುಕೊಂಡು ಗೆರೆಯಾಗಿರುತ್ತದೆ. ಬಿಂದುವಿನಿಂದ ಬೆಳೆದರೆ ಕಂಬದಂತಹ ಕಾಂಡ ಹುಟ್ಟುತ್ತದೆ, ಗೆರೆಯಿಂದ ಬೆಳೆದರೆ ಚಪ್ಪಟೆಯಾದ ಪಟ್ಟಿ ಹುಟ್ಟುತ್ತದೆ. ಹೆಡೆಯ ಮೇಲಂಚಿಗೆ ಭೂತಗನ್ನಡಿ ಹಿಡಿದು ನೋಡಿದರೆ ಮುಳ್ಳಿನ ಜೋಡಿಗಳು ಒಂದಕ್ಕೊಂದು ಅಂಟಿಕೊಂಡಂತೆ ಸಾಲಾಗಿ ನಿಂತಿರುವುದು ಕಾಣುತ್ತದೆ. ಏಣುಗಳು ಕೆಳಗೆ ಸ್ಪಷ್ಟವಾಗಿದ್ದು ಮೇಲೆ ಹೋದಂತೆ ಕರಗಿ ಒಂದರೊಳಗೊಂದು ಸೇರಿಹೋಗುತ್ತವೆ. ಬೆಳೆಯುವ ಗೆರೆ ವರ್ಷ ವರ್ಷವೂ ಉದ್ದವಾಗುತ್ತದೆ, ಆದರೆ ಅದರ ಕೆಳಗಿನ ಬುಡ ಅಷ್ಟೇ ಅಗಲವಾಗಿ ಉಳಿಯುತ್ತದೆ. ಹಾಗಾಗಿ ಜಾಗ ಸಾಲದೆ ಅಂಚು ನಿರಿಗೆಯಂತೆ ಮಡಚಿಕೊಳ್ಳುತ್ತದೆ. ನಿಮ್ಮೂರಿನವರಿಗೆ ಹಾವಿನ ಹೆಡೆ ಕಂಡದ್ದು ಈ ಮಡಿಕೆಯ ಅಂಚಿನಲ್ಲಿ. ಇದಕ್ಕೆ ಸಸ್ಯಶಾಸ್ತ್ರದಲ್ಲಿ ಫ್ಯಾಸಿಯೇಷನ್ ಎಂಬ ಹೆಸರಿದೆ. ಕಾಂಡ ಪಟ್ಟಿಯಾಗುವುದು ಎಂದು ಮಕ್ಕಳಿಗೆ ಹೇಳಿದರೆ ಸಾಕು.

ಬಿಂದು ಗೆರೆಯಾಗುವುದೇಕೆ ಎಂಬುದರ ಒಳಗುಟ್ಟು ಬಿಡಿಸಿಕೊಂಡದ್ದು 1990ರ ದಶಕದಿಂದ ಈಚೆಗೆ, ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಸಣ್ಣ ಕಳೆಗಿಡದ ಅಧ್ಯಯನದಿಂದ. ಕುಡಿಯ ಗುಮ್ಮಟದಲ್ಲಿ ವುಷೆಲ್ ಎಂಬ ಜೀನ್ ‘ಕೋಶಗಳು ವಿಭಜನೆಯಾಗುತ್ತಲೇ ಇರಲಿ’ ಎಂದು ಪ್ರಚೋದಿಸುತ್ತದೆ. ಕ್ಲಾವಟಾ ಎಂಬ ಜೀನ್‌ಗಳ ಗುಂಪು ‘ಇಷ್ಟು ಸಾಕು’ ಎಂದು ತಡೆಯುತ್ತದೆ. ಎರಡರ ನಡುವಿನ ಈ ಎಳೆದಾಟದಿಂದಲೇ ಗುಮ್ಮಟದ ಅಳತೆ ಸ್ಥಿರವಾಗಿ ಉಳಿಯುತ್ತದೆ. ತಡೆಯುವ ಗುಂಪು ದುರ್ಬಲವಾದರೆ ಗುಮ್ಮಟ ಹಿಗ್ಗಿ ಅಡ್ಡಲಾಗಿ ಹರಡಿಕೊಳ್ಳುತ್ತದೆ. ಪ್ರಯೋಗಾಲಯದ ಈ ಸಂಗತಿಗೆ ಸಾಕ್ಷಿ ಬೇಕೆಂದರೆ ಕುಷ್ಟಗಿಯ ಸಂತೆಗೆ ಹೋಗಿ ಗೀರುಗೀರಾದ ಜವಾರಿ ಟೊಮ್ಯಾಟೊ ಒಂದನ್ನು ತಂದು ಅಡ್ಡಲಾಗಿ ಕೊಯ್ದು ನೋಡಿ. ಟೊಮ್ಯಾಟೊದ ಕಾಡು ಪೂರ್ವಜರ ಹಣ್ಣು ತೀರ ಚಿಕ್ಕದು, ಅದರೊಳಗೆ ಎರಡೇ ಕೋಣೆಗಳು. ದಪ್ಪ ಟೊಮ್ಯಾಟೊಗಳಲ್ಲಿ ಅನೇಕ ಕೋಣೆಗಳಿರುವುದು ಹೂವಿನ ಕುಡಿಯಲ್ಲಿ ಇದೇ ವುಷೆಲ್, ಕ್ಲಾವಟಾ ಸಮತೋಲ ಸ್ವಲ್ಪ ಸಡಿಲಗೊಂಡದ್ದರಿಂದ, ಮತ್ತು ಹಾಗೆ ಸಡಿಲಗೊಂಡ ಗಿಡಗಳ ಬೀಜವನ್ನೇ ರೈತರು ತಲೆಮಾರುಗಳಿಂದ ಆರಿಸಿಟ್ಟುಕೊಂಡು ಬಂದದ್ದರಿಂದ. ಅಂಗಳದ ಕೋಳಿಜುಟ್ಟಿನ ಹೂವೂ ಅಂಥದ್ದೇ: ಹೊಲದಲ್ಲಿ ನೆಟ್ಟಗಿನ ತೆನೆ ಬಿಡುವ ಅಣ್ಣೆಸೊಪ್ಪಿನ ಬಂಧುವೇ ಅದು. ಅದರ ಪಟ್ಟಿಯಾದ ತೆನೆ ಬೀಜದಿಂದ ಬೀಜಕ್ಕೆ ಉಳಿದು ಬಂದಿದೆ. ಒಬ್ಬರ ಗುಡ್ಡದಲ್ಲಿ ಅಚ್ಚರಿಯಾದದ್ದು ಇನ್ನೊಬ್ಬರ ಅಡುಗೆಮನೆಯಲ್ಲಿ ನಿತ್ಯದ ತರಕಾರಿಯಾಗಿದೆ ಎಂಬುದು ನನಗೆ ಈ ವಿಷಯದಲ್ಲಿ ಬಹಳ ಇಷ್ಟವಾದ ಸಂಗತಿ.

ಆದರೆ ಎಲ್ಲ ಪಟ್ಟಿ ಕಾಂಡಗಳೂ ಜೀನ್‌ಗಳ ಬದಲಾವಣೆಯಿಂದಲೇ ಆಗುವುದಿಲ್ಲ. ಎಳೆಯ ಕುಡಿಗೆ ಕೀಟ ಕಚ್ಚಿದರೂ, ಎಡೆ ಹೊಡೆಯುವಾಗ ಏಟು ಬಿದ್ದರೂ, ತೀವ್ರ ಚಳಿ ತಗುಲಿದರೂ ಹೀಗಾಗುವುದುಂಟು. ರೋಡೋಕಾಕಸ್ ಫ್ಯಾಸಿಯನ್ಸ್ ಎಂಬ ಬ್ಯಾಕ್ಟೀರಿಯಾ ಮೆದು ಕಾಂಡದ ಅಲಂಕಾರಿಕ ಗಿಡಗಳಲ್ಲಿ ಕುಡಿಗಳು ಮುದ್ದೆ ಕಟ್ಟುವಂತೆ ಮಾಡುತ್ತದೆ. ನಮ್ಮ ಕಡೆಯ ಸೂರ್ಯಕಾಂತಿ ಹೊಲಗಳಲ್ಲಿಯೂ ಹುಡುಕಿದರೆ ಚಪ್ಪಟೆ ದಂಟಿನ ಮೇಲೆ ಎರಡು ತೆನೆಗಳು ಬೆನ್ನಿಗೆ ಬೆನ್ನು ಅಂಟಿಕೊಂಡ ಗಿಡ ಸಿಗುತ್ತದೆ. ಅಕ್ಕಪಕ್ಕದ ಗಿಡಗಳೆಲ್ಲ ನೆಟ್ಟಗಿರುತ್ತವೆ, ಮುಂದಿನ ವರ್ಷ ಅದರ ಬೀಜ ಬಿತ್ತಿದರೆ ಬಹುಪಾಲು ಸಾಮಾನ್ಯ ಗಿಡಗಳೇ ಬರುತ್ತವೆ. ನಿಮ್ಮ ಕಳ್ಳಿಯಲ್ಲಿ ಒಂದೇ ಕೊಂಬೆ ಹೆಡೆಯಾಗಿ ಉಳಿದ ಕೊಂಬೆಗಳು ಎಂದಿನಂತೆ ಇರುವುದರಿಂದ ಬದಲಾವಣೆ ಆ ಒಂದು ಕುಡಿಯಲ್ಲಿ ಮಾತ್ರ ಆಗಿದೆ. ಅದು ಸುತ್ತಲಿನ ಬೇಲಿಗೋ ಹೊಲಕ್ಕೋ ಹರಡುವ ರೋಗವಲ್ಲ, ಹೆದರಬೇಕಾದದ್ದು ಏನೂ ಇಲ್ಲ.

ಎಳ್ಳಿನ ವಿಷಯ ಹಾಗಲ್ಲ. ಅದು ರೋಗ, ಮತ್ತು ಹರಡುವ ರೋಗ. ಕೀಳುವ ಮೊದಲು ಒಂದು ಗಿಡವನ್ನು ಮಾತ್ರ ತರಗತಿಗೆ ತಂದು ಆರೋಗ್ಯವಂತ ಗಿಡದ ಹೂವಿನ ಪಕ್ಕದಲ್ಲಿಟ್ಟು ಬಿಡಿಸಿ ತೋರಿಸಿ. ಇದಕ್ಕಿಂತ ಒಳ್ಳೆಯ ಸಸ್ಯಶಾಸ್ತ್ರದ ಪಾಠ ಸಿಗುವುದು ಕಷ್ಟ. ಆರೋಗ್ಯವಂತ ಎಳ್ಳಿನ ಹೂವಿನಲ್ಲಿ ಹೊರಗೆ ಐದು ಚಿಕ್ಕ ಹಸಿರು ಪುಷ್ಪಪತ್ರಗಳು, ಒಳಗೆ ಐದು ತುಟಿಗಳ ಬಿಳಿ ಅಥವಾ ನಸುಗುಲಾಬಿ ಕೊಳವೆ, ಕೊಳವೆಯೊಳಗೆ ಎರಡು ಉದ್ದ ಎರಡು ಗಿಡ್ಡ ಹೀಗೆ ನಾಲ್ಕು ಕೇಸರಗಳು, ನಡುವೆ ನವಿರು ರೋಮದ ಅಂಡಾಶಯ ಇರುತ್ತವೆ. ರೋಗ ತಗುಲಿದ ಹೂವಿನಲ್ಲಿಯೂ ಇಷ್ಟೇ ಭಾಗಗಳನ್ನು ಎಣಿಸಬಹುದು, ಆದರೆ ಪುಷ್ಪಪತ್ರಗಳು ಹಿಗ್ಗಿ ಎಲೆಗಳಾಗಿರುತ್ತವೆ, ಕೊಳವೆ ಹಸಿರಾಗಿ ನರಗಳು ಎದ್ದು ಕಾಣುತ್ತವೆ, ಕೇಸರಗಳು ಚಪ್ಪಟೆಯಾಗಿ ಎಲೆಯ ಸೀಳುಗಳಂತಾಗಿರುತ್ತವೆ. ಅಂಡಾಶಯವನ್ನು ಉಗುರಿನಿಂದ ಸೀಳಿದರೆ ಬೀಜವಾಗಬೇಕಾದ ಜಾಗದಲ್ಲಿ ಪುಟ್ಟ ಎಲೆಗಳು, ಕೆಲವೊಮ್ಮೆ ಹೊಸದೊಂದು ಕುಡಿಯೇ ಹೊರಡಲು ಸಿದ್ಧವಾಗಿರುವುದು ಕಾಣುತ್ತದೆ. ಹೂವಿನ ಭಾಗಗಳೆಲ್ಲ ಮೂಲದಲ್ಲಿ ಎಲೆಯ ರೂಪಾಂತರಗಳು ಎಂದು ಜರ್ಮನ್ ಕವಿ ಗಯಟೆ 1790ರಲ್ಲಿಯೇ ವಾದಿಸಿದ್ದರು. ಎರಡು ಶತಮಾನ ಕಳೆದು 1991ರಲ್ಲಿ ಸಸ್ಯವಿಜ್ಞಾನಿಗಳಾದ ಎನ್ರಿಕೊ ಕೋಯೆನ್ ಮತ್ತು ಎಲಿಯಟ್ ಮೆಯರೊವಿಟ್ಜ್ ಅವರು ಮೂರು ಗುಂಪಿನ ಜೀನ್‌ಗಳು ಬೇರೆ ಬೇರೆ ಜೋಡಣೆಯಲ್ಲಿ ಕೆಲಸ ಮಾಡಿ ಒಂದೊಂದು ಸುತ್ತನ್ನು ಪುಷ್ಪಪತ್ರ, ದಳ, ಕೇಸರ, ಅಂಡಾಶಯವಾಗಿಸುತ್ತವೆ ಎಂದು ವಿವರಿಸಿದರು. ಆ ಜೀನ್‌ಗಳು ಕೆಲಸ ನಿಲ್ಲಿಸಿದರೆ ಉಳಿಯುವುದು ಎಲೆ. ನಿಮ್ಮ ಹೊಲದ ಎಳ್ಳಿನಲ್ಲಿ ಆಗಿರುವುದು ಇದೇ.

ಆ ಕೆಲಸವನ್ನು ನಿಲ್ಲಿಸಿದ್ದು ಫೈಟೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ. ಅದಕ್ಕೆ ಕೋಶಭಿತ್ತಿ ಇಲ್ಲ, ಗಾತ್ರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ, ವಾಸ ಗಿಡದ ಆಹಾರ ಸಾಗಿಸುವ ನಾಳಗಳಲ್ಲಿ. 1967ರಲ್ಲಿ ಜಪಾನಿನ ವಿಜ್ಞಾನಿಗಳು ಹಿಪ್ಪುನೇರಳೆಯ ಕುಬ್ಜರೋಗದಂತಹ ರೋಗಗಳು ತಗುಲಿದ ಗಿಡಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ಗುರುತಿಸುವವರೆಗೂ ಇಂತಹ ರೋಗಗಳನ್ನು ವೈರಸ್ ರೋಗಗಳೆಂದೇ ನಂಬಲಾಗಿತ್ತು. ಎಳ್ಳಿನಲ್ಲಿ ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಒಂದು ಜಿಗಿಹುಳು. ರೋಗದ ಗಿಡದ ರಸ ಹೀರಿದ ಹುಳುವಿನ ದೇಹದಲ್ಲಿ ಫೈಟೊಪ್ಲಾಸ್ಮಾ ಕೆಲವು ವಾರ ವೃದ್ಧಿಯಾಗಿ ಜೊಲ್ಲಿನ ಗ್ರಂಥಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಆ ಹುಳು ಕುಳಿತ ಗಿಡಗಳಿಗೆಲ್ಲ ಅದನ್ನು ಹಂಚುತ್ತ ಹೋಗುತ್ತದೆ. ಗಿಡದೊಳಗೆ ಫೈಟೊಪ್ಲಾಸ್ಮಾ ಮಾಡುವ ಕೆಲಸ ಇನ್ನೂ ಬೆರಗಿನದು. ಇದೇ ಗುಂಪಿನ ಒಂದು ಫೈಟೊಪ್ಲಾಸ್ಮಾ ಸ್ರವಿಸುವ ಎಸ್‌ಎಪಿ54 ಎಂಬ ಪ್ರೊಟೀನ್ ಹೂ ಕಟ್ಟುವ ಪ್ರೊಟೀನುಗಳನ್ನು ಹಿಡಿದು, ಹಳೆಯ ಪ್ರೊಟೀನುಗಳನ್ನು ಒಡೆದುಹಾಕುವ ಗಿಡದ ಸ್ವಂತ ವ್ಯವಸ್ಥೆಗೇ ಒಪ್ಪಿಸುತ್ತದೆ ಎಂದು 2011ರಿಂದ ಈಚಿನ ಸಂಶೋಧನೆಗಳು ತೋರಿಸಿವೆ. ಆ ಪ್ರೊಟೀನು ಇರುವ ಗಿಡಗಳ ಕಡೆಗೆ ಜಿಗಿಹುಳುಗಳು ಹೆಚ್ಚು ಬರುತ್ತವೆ ಎಂಬುದೂ ಪ್ರಯೋಗಗಳಲ್ಲಿ ಕಂಡಿದೆ. ಎಂದರೆ ಗಿಡ ಬೀಜ ಕಟ್ಟುವುದನ್ನು ಬಿಟ್ಟು, ತನ್ನೊಳಗಿನ ರೋಗಾಣುವಿಗೂ ಅದನ್ನು ಹೊತ್ತೊಯ್ಯುವ ಹುಳುವಿಗೂ ಎಳೆಯ ಎಲೆಗಳನ್ನು ಒದಗಿಸುತ್ತ ನಿಂತುಬಿಡುತ್ತದೆ.

ಆದ್ದರಿಂದ ಎಲೆಗೊಂಚಲು ಕಂಡ ಎಳ್ಳಿನ ಗಿಡಗಳನ್ನು ಬೇರುಸಹಿತ ಕಿತ್ತು ಹೊಲದಿಂದ ಹೊರಗೆ ಒಯ್ದು ಸುಡಿ ಅಥವಾ ಹೂಳಿ. ಆ ಗಿಡ ಮತ್ತೆ ಸರಿಹೋಗುವುದಿಲ್ಲ, ಕೊನೆಯವರೆಗೂ ಹಸಿರಾಗಿ ನಿಂತು ಹುಳುಗಳನ್ನು ಪೋಷಿಸುತ್ತದೆ. ಬದುವಿನ ಕಳೆಗಳನ್ನೂ ತೆಗೆಯಿರಿ, ಜಿಗಿಹುಳು ಅಲ್ಲಿ ಆಶ್ರಯ ಪಡೆಯುತ್ತದೆ. ಮುಂದಿನ ಬಿತ್ತನೆಗೆ ಆರೋಗ್ಯವಂತ ಗಿಡಗಳ ಬೀಜವನ್ನು ಧೈರ್ಯವಾಗಿ ಇಟ್ಟುಕೊಳ್ಳಬಹುದು. ಹುಳುವಿನ ಹತೋಟಿಗೆ ಯಾವ ಬೀಜೋಪಚಾರ, ಯಾವ ಸಿಂಪರಣೆ ಎಂಬುದನ್ನು ಅಂಗಡಿಯವರ ಮಾತಿಗೆ ಬಿಡದೆ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ತಜ್ಞರಲ್ಲಿ ಗಿಡ ತೋರಿಸಿ ಕೇಳಿ. ಈ ರೋಗಾಣು ಮನುಷ್ಯರಿಗಾಗಲಿ ದನಕರುಗಳಿಗಾಗಲಿ ತಗುಲುವುದಿಲ್ಲ.

ಇದೇ ರೂಪದ, ಆದರೆ ಬೇರೆ ಕಾರಣದ ರೋಗಗಳು ನಿಮ್ಮ ಸುತ್ತಲೇ ಇವೆ, ಅವುಗಳನ್ನು ಬೆರೆಸಿಕೊಳ್ಳಬಾರದು. ಸಜ್ಜೆಯ ತೆನೆ ಕಾಳು ಕಟ್ಟದೆ ಹಸಿರು ಎಲೆಗಳ ಕುಚ್ಚಾಗುವುದನ್ನು ಕುಷ್ಟಗಿ, ಯಲಬುರ್ಗಾದ ರೈತರಿಗೆ ನಾನು ವಿವರಿಸಬೇಕಾಗಿಲ್ಲ. ಅದು ಶಿಲೀಂಧ್ರವನ್ನು ಹೋಲುವ ಜೀವಿಯೊಂದರಿಂದ ಬರುವ ಬೂಜುತುಪ್ಪಟ ರೋಗ, ಅದರ ಬೀಜಾಣುಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತವೆ, ಮತ್ತು ನಿರೋಧಕ ತಳಿ ಹಾಗೂ ಮೆಟಲಾಕ್ಸಿಲ್ ಎಂಬ ಔಷಧಿಯ ಬೀಜೋಪಚಾರ ಅದಕ್ಕೆ ಪರಿಹಾರ. ತೊಗರಿ ಹೂವನ್ನೇ ಬಿಡದೆ ತಿಳಿಹಸಿರು ಮಚ್ಚೆಯ ಸಣ್ಣ ಎಲೆಗಳ ಪೊದೆಯಾಗುವ ಗೊಡ್ಡು ರೋಗ ವೈರಸ್ಸಿನದು, ಅದನ್ನು ಹರಡುವುದು ಕಣ್ಣಿಗೆ ಕಾಣದ ಒಂದು ನುಸಿ. ಬದನೆಯ ಕಿರುಎಲೆ ರೋಗ ಮತ್ತು ಶ್ರೀಗಂಧದ ಸ್ಪೈಕ್ ರೋಗ ಮಾತ್ರ ಎಳ್ಳಿನಂತೆಯೇ ಫೈಟೊಪ್ಲಾಸ್ಮಾದವು; ಎರಡನೆಯದು 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾಗಿ ನಾಡಿನ ಗಂಧದ ಕಾಡುಗಳಿಗೆ ಭಾರಿ ನಷ್ಟ ತಂದಿದೆ. ಇಷ್ಟೆಲ್ಲ ಹಾನಿ ಮಾಡುವ ಇದೇ ಗುಂಪಿನ ರೋಗಾಣು ಒಂದು ಕಡೆ ಅಲಂಕಾರಕ್ಕೂ ಕಾರಣವಾಗಿದೆ. ನರ್ಸರಿಯ ಕುಂಡಗಳಲ್ಲಿ ಗಿಡ್ಡಗೆ ಪೊದೆಯಾಗಿ ಕೆಂಪು ಎಲೆ ಬಿಡುವ ಪಾಯಿನ್ಸೆಟಿಯಾ ನಿಮ್ಮ ಮುಳ್ಳುಗಳ್ಳಿಯ ಕುಲದ್ದೇ ಗಿಡ, ತವರು ಮೆಕ್ಸಿಕೊ. ಅದು ಹಾಗೆ ಹೇರಳವಾಗಿ ಕವಲೊಡೆಯುವುದಕ್ಕೆ ಅದರೊಳಗಿರುವ ಫೈಟೊಪ್ಲಾಸ್ಮಾ ಕಾರಣ ಎಂದು 1997ರಲ್ಲಿ ತಿಳಿದುಬಂತು.

ರಾಸಾಯನಿಕದ ಮಾತು ಪೂರ್ತಿ ಸುಳ್ಳಲ್ಲ, ಆದರೆ ನಿಮ್ಮ ಮೂರು ಗಿಡಗಳಿಗೆ ಅದು ಹೊಂದುವುದಿಲ್ಲ. ಯೂರಿಯಾ, ಡಿಎಪಿಗಳು ಹೂವನ್ನು ಎಲೆಯಾಗಿಸಲಾರವು. ಗಿಡದ ರೂಪವನ್ನೇ ಕೆಡಿಸುವ ಶಕ್ತಿ ಇರುವುದು 2,4-ಡಿ ಯಂತಹ ಕಳೆನಾಶಕಗಳಿಗೆ, ಏಕೆಂದರೆ ಅವು ಗಿಡದ ಬೆಳವಣಿಗೆಯನ್ನು ನಿಯಂತ್ರಿಸುವ ಆಕ್ಸಿನ್ ಎಂಬ ಚೋದಕವನ್ನು ಅನುಕರಿಸುತ್ತವೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಾಲುವೆ ಕೆಳಗಿನ ಭತ್ತದ ಗದ್ದೆಗಳ ಪಕ್ಕದಲ್ಲಿ ಹತ್ತಿ ಬೆಳೆಯುವವರು ಇದನ್ನು ಗಮನಿಸಬೇಕು: ಹತ್ತಿ ಈ ಔಷಧಿಗೆ ಅತಿ ಸೂಕ್ಷ್ಮ. ಗಾಳಿಯಲ್ಲಿ ತೇಲಿಬಂದ ಹನಿ ತಗುಲಿದರೂ, ಸರಿಯಾಗಿ ತೊಳೆಯದ ಪಂಪಿನಲ್ಲಿ ಉಳಿದ ಅಂಶ ತಗುಲಿದರೂ ಅದರ ಅಗಲವಾದ ಹೊಸ ಎಲೆಗಳು ಕಿರಿದಾಗಿ ಬೆರಳು ಬೆರಳಾಗಿ ಸೀಳಿ, ನರಗಳು ಒಂದರ ಪಕ್ಕ ಒಂದು ಉದ್ದುದ್ದ ಸಾಗುತ್ತವೆ. ಗುರುತಿಸುವುದು ಹೇಗೆಂದರೆ, ಔಷಧಿ ಕಾರಣವಾದರೆ ಪಕ್ಕದ ಹೊಲದ ಕಡೆಯ ಅಂಚಿನಲ್ಲಿ ಹಾನಿ ಹೆಚ್ಚಿದ್ದು ಒಳಗೆ ಹೋದಂತೆ ಕಡಿಮೆಯಾಗುತ್ತದೆ. ಹುಳು ಹರಡುವ ರೋಗವಾದರೆ ನಿಮ್ಮ ಎಳ್ಳಿನಲ್ಲಿ ಕಂಡಂತೆ ಗಿಡಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ.

ಮೂರು ತಲೆಯ ಈಚಲಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಈಚಲು, ತಾಳೆ, ತೆಂಗು ಇವುಗಳ ಕಾಂಡಕ್ಕೆ ಸಾಮಾನ್ಯವಾಗಿ ತಲೆಯಲ್ಲಿ ಒಂದೇ ಕುಡಿ ಇರುತ್ತದೆ. ಅದು ಸತ್ತರೆ ಮರವೂ ಸಾಯುವುದೇ ಹೆಚ್ಚು. ಅಪರೂಪಕ್ಕೆ ಆ ಕುಡಿಗೆ ಕೀಟದಿಂದಲೋ ಸಿಡಿಲಿನಿಂದಲೋ ಸೇಂದಿಗಾಗಿ ಮಾಡಿದ ಗಾಯದಿಂದಲೋ ಪೆಟ್ಟಾಗಿ, ಪೂರ್ತಿ ಸಾಯದೆ ಒಡೆದುಕೊಂಡರೆ ಅಥವಾ ಪಕ್ಕದ ಮೊಗ್ಗುಗಳು ಎಚ್ಚೆತ್ತರೆ ತಲೆಗಳು ಎರಡೋ ಮೂರೋ ಆಗುತ್ತವೆ. ಕವಲೊಡೆದ ಜಾಗದಲ್ಲಿ ಹಳೆಯ ಗಾಯದ ಗುರುತು ಇದೆಯೇ ಎಂದು ಕೆಳಗಿನಿಂದಲೇ ದುರ್ಬೀನು ಹಿಡಿದು ನೋಡಿ. ಅದೇ ತಾಳೆಯ ಕುಟುಂಬದಲ್ಲಿ ಸಹಜವಾಗಿಯೇ ಕವಲೊಡೆಯುವ ಜಾತಿಯೂ ಉಂಟು, ಗುಜರಾತಿನ ಕರಾವಳಿಯಲ್ಲಿ ಅದನ್ನು ಕಾಣಬಹುದು. ಅದರ ಸಂಬಂಧ ನಿಮ್ಮ ಮರಕ್ಕಿಲ್ಲ.

ಹೊಸ ಜಾತಿಯೇ ಎಂಬ ನಿಮ್ಮ ಊರಿನವರ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ, ಅದು ಗಿಡಗಳನ್ನು ಜಾತಿವಾರು ಹೆಸರಿಸುವ ಪದ್ಧತಿ ಹಾಕಿಕೊಟ್ಟ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ನನ್ನೂ ಕಾಡಿದ ಪ್ರಶ್ನೆ. 1742ರಲ್ಲಿ ಸ್ಟಾಕ್‌ಹೋಮ್ ಬಳಿಯ ದ್ವೀಪವೊಂದರಲ್ಲಿ ವಿದ್ಯಾರ್ಥಿಯೊಬ್ಬನಿಗೆ ಲಿನೇರಿಯಾ ಎಂಬ ಸಾಮಾನ್ಯ ಗಿಡದ ವಿಚಿತ್ರ ರೂಪ ಸಿಕ್ಕಿತು. ಎಂದಿನ ಹೂವಿಗೆ ಮೇಲ್ತುಟಿ, ಕೆಳತುಟಿ, ಹಿಂದೆ ಒಂದೇ ಬಾಲ ಇದ್ದರೆ ಇದರಲ್ಲಿ ಐದೂ ಕಡೆ ಒಂದೇ ಸಮನಾಗಿ ಐದು ಬಾಲಗಳು. ಜಾತಿಗಳು ಬದಲಾಗುವುದಿಲ್ಲ ಎಂದು ಆವರೆಗೆ ನಂಬಿದ್ದ ಲಿನೇಯಸ್ ತೀವ್ರವಾಗಿ ಕಲಕಿಹೋದ. 1744ರಲ್ಲಿ ಅದಕ್ಕೆ ಪೆಲೋರಿಯಾ ಎಂದು ಹೆಸರಿಟ್ಟು ಬರೆದ. ಸುಮಾರು 250 ವರ್ಷಗಳ ನಂತರ, 1999ರಲ್ಲಿ, ಕೋಯೆನ್ ಅವರ ತಂಡ ಅದರ ಕಾರಣ ಕಂಡುಹಿಡಿಯಿತು: ಹೂವಿನ ಮೇಲ್ಭಾಗ ಕೆಳಭಾಗಗಳನ್ನು ಬೇರೆಯಾಗಿಸುವ ಒಂದು ಜೀನ್ ಅಲ್ಲಿ ಇತ್ತು, ಅದರ ಅಕ್ಷರಮಾಲೆಯಲ್ಲಿ ಬದಲಾವಣೆ ಇರಲಿಲ್ಲ, ಆದರೆ ಅದರ ಮೇಲೆ ಅಂಟಿಕೊಂಡ ರಾಸಾಯನಿಕ ಗುರುತುಗಳು ಅದನ್ನು ಸುಮ್ಮನಾಗಿಸಿದ್ದವು. ಆ ಗಿಡಗಳಲ್ಲಿ ಕೆಲವೊಮ್ಮೆ ಗುರುತು ಸಡಿಲವಾಗಿ ಒಂದೇ ಗಿಡದ ಕೆಲವು ಹೂಗಳು ಮತ್ತೆ ಹಳೆಯ ರೂಪಕ್ಕೆ ಮರಳುತ್ತವೆ. ರೂಪ ಬದಲಾದ ಮಾತ್ರಕ್ಕೆ ಜಾತಿ ಬದಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ನಿಮ್ಮ ಹೆಡೆಗಳ್ಳಿಯೂ ಮುಳ್ಳುಗಳ್ಳಿಯೇ. ಅದರ ಬೀಜದಿಂದ ಹೆಡೆಯ ಗಿಡ ಹುಟ್ಟುವುದನ್ನು ಕಾಯಬೇಡಿ.

ಶಾಲೆಯ ತೋಟಕ್ಕೆ ಬೇಕಾದರೆ ತುಂಡಿನಿಂದಲೇ ಬೆಳೆಸಬೇಕು. ಮೂಲ ಗಿಡಕ್ಕೆ ಪೆಟ್ಟಾಗದಂತೆ, ಬೆಳೆಯುವ ಅಂಚು ಸೇರಿಕೊಂಡಿರುವ ಅಂಗೈಯಗಲದ ಒಂದೇ ತುಂಡನ್ನು ಚೂಪಾದ ಚಾಕುವಿನಿಂದ ಕೊಯ್ದು, ಹಾಲು ನಿಂತು ಕೊಯ್ದ ಜಾಗ ಗಟ್ಟಿಯಾಗುವವರೆಗೆ ಒಂದೆರಡು ವಾರ ನೆರಳಿನಲ್ಲಿ ಒಣಗಿಸಿ, ನಂತರ ಹೆಚ್ಚು ಮರಳು ಬೆರೆತ ಮಣ್ಣಿನ ಕುಂಡದಲ್ಲಿ ನೆಡಿ. ಬೇಸಿಗೆಯ ಮೊದಲ ಭಾಗ ಇದಕ್ಕೆ ಒಳ್ಳೆಯ ಕಾಲ, ಮಳೆಗಾಲದಲ್ಲಿ ಕೊಳೆಯುವ ಭಯ ಹೆಚ್ಚು. ಗಟ್ಟಿಯಾದ ಸಾಮಾನ್ಯ ಕಳ್ಳಿಯ ಕಂಬದ ಮೇಲೆ ಕಸಿ ಕಟ್ಟುವುದೂ ಉಂಟು. ನರ್ಸರಿಗಳಲ್ಲಿ ಮಾರುವ ಬಣ್ಣಬಣ್ಣದ ಹೆಡೆಗಳ್ಳಿಗಳು ಹೀಗೆಯೇ ಯೂಫೋರ್ಬಿಯಾ ಲ್ಯಾಕ್ಟಿಯಾ ಎಂಬ ಜಾತಿಯ ಪಟ್ಟಿ ಕಾಂಡವನ್ನು ಇನ್ನೊಂದು ಕಳ್ಳಿಯ ಮೇಲೆ ಕೂರಿಸಿ ತಯಾರಿಸಿದವು. ಪಟ್ಟಣದ ನರ್ಸರಿಗಳಲ್ಲಿ ಅಂಥವು ಸುಲಭವಾಗಿ ಸಿಗುವಾಗ ಗುಡ್ಡದ ಗಿಡವನ್ನು ಬುಡಸಮೇತ ಮಾರುವುದು ಸರಿಯಲ್ಲ ಎಂದು ಕೊಳ್ಳಲು ಬಂದವರಿಗೂ, ಊರಿನವರಿಗೂ ದಯವಿಟ್ಟು ತಿಳಿಸಿ ಹೇಳಿ. ನೆಟ್ಟ ಮೇಲೆ ಹೆಡೆಯ ಬದಿಯಿಂದ ಸಾಮಾನ್ಯ ಕಂಬದಂತಹ ಚಿಗುರು ಹೊರಟರೆ ಎಳೆಯದಿರುವಾಗಲೇ ಕೊಯ್ದು ತೆಗೆಯಿರಿ; ಅದು ವೇಗವಾಗಿ ಬೆಳೆದು ಹೆಡೆಯನ್ನು ಮೀರಿಸಿಬಿಡುತ್ತದೆ.

ಕಳ್ಳಿಯ ಹಾಲಿನ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಅದು ಚರ್ಮ ಸುಡುತ್ತದೆ, ಕಣ್ಣಿಗೆ ಸಿಡಿದರೆ ಪಾರದರ್ಶಕ ಪಟಲಕ್ಕೆ ಗಾಯವಾಗಿ ದೃಷ್ಟಿ ಮಂಕಾಗಬಹುದು. ಕೊಯ್ಯುವ ಕೆಲಸವನ್ನು ಮಕ್ಕಳಿಗೆ ಬಿಡದೆ ನೀವೇ ಕೈಗವಸು, ಕನ್ನಡಕ ಧರಿಸಿ ಮಾಡಿ. ಕಣ್ಣಿಗೆ ತಗುಲಿದರೆ ಕೂಡಲೇ ಶುದ್ಧ ನೀರಿನಿಂದ ಹತ್ತು ಹದಿನೈದು ನಿಮಿಷ ತೊಳೆಯುತ್ತ, ತಡಮಾಡದೆ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು.

ಇನ್ನು ಪೂಜೆ. ಭಕ್ತಿಯಿಂದ ಕೈ ಮುಗಿಯುವವರನ್ನು ತಡೆಯುವ ಅಗತ್ಯವಿಲ್ಲ. ಪೂಜೆಯ ಕಾರಣಕ್ಕೆ ಯಾರೂ ಆ ಕೊಂಬೆಯನ್ನು ಕಡಿಯದೆ ಉಳಿಸಿದರೆ ಅದು ಗಿಡಕ್ಕೆ ಉಪಕಾರವೇ. ಆದರೆ ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ, ಕಲ್ಲುಮಣ್ಣಿನಲ್ಲಿ ಬದುಕಲು ಹೊಂದಿಕೊಂಡ ಗಿಡದ ಬುಡಕ್ಕೆ ದಿನವೂ ಕೊಡ ನೀರು ಸುರಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಕೊಳೆ ಮೇಲೇರಿದರೆ ಹೆಡೆಯೂ ಉಳಿಯುವುದಿಲ್ಲ. ಹಸಿರು ಕಾಂಡಕ್ಕೆ ದಪ್ಪವಾಗಿ ಅರಿಶಿನ ಮೆತ್ತಿದರೆ ಅದಕ್ಕೆ ಬೆಳಕೂ ಗಾಳಿಯೂ ತಲುಪುವುದಿಲ್ಲ. ಗಿಡದಿಂದ ನಾಲ್ಕು ಮಾರು ದೂರದಲ್ಲಿ ಒಂದು ಕಲ್ಲು ನೆಟ್ಟು, ಅರಿಶಿನ, ಕುಂಕುಮ, ನೀರು ಎಲ್ಲವನ್ನೂ ಆ ಕಲ್ಲಿಗೇ ಸಲ್ಲಿಸುವಂತೆ ಊರಿನ ಹಿರಿಯರ ಮೂಲಕ ಹೇಳಿಸಿ. ಶಿಕ್ಷಕರಾದ ನಿಮ್ಮ ಮಾತಿಗಿಂತ ಅವರ ಮಾತು ಅಲ್ಲಿ ಬೇಗ ನಡೆಯುತ್ತದೆ.